ಒಂಬತ್ತು ಸೆಕೆಂಡು

ಆಫೀಸಿನಲ್ಲಿ ನನ್ನನ್ನು ‘ಕತ್ತರಿ’ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಕರೆಯುತ್ತೇವೆ ಅಂತ ಅವರು ತಿಳಿದುಕೊಂಡಿದ್ದಾರೆ, ನನಗೋ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಜನ ಫೋನಿನಲ್ಲಿ ಹಾಕುವ ವಿಡಿಯೋಗಳ ಮೇಲೆ ಯಾರಾದರೂ ದೂರು ಕೊಟ್ಟರೆ ಅದು ನಾಲ್ಕನೇ ಮಹಡಿಯ ನಮ್ಮ ಮೇಜುಗಳಿಗೆ ಬರುತ್ತದೆ. ‘ಇರಲಿ’, ‘ತೆಗೆ’, ಎರಡೇ ಬಟನ್ನು. ಹೊಡೆದಾಟ, ರಕ್ತ, ಬೆತ್ತಲೆ, ಏನೇ ಬಂದರೂ ನಾನು ಹಿಂದೆಮುಂದೆ ನೋಡದೆ ತೆಗೆಯುವವಳು. ಪಕ್ಕದ ಸೀಟಿನ ಕನ್ನಡಕದವನು ಒಂದೊಂದಕ್ಕೂ ತಲೆ ಕೆರೆದುಕೊಳ್ಳುತ್ತಾನೆ.

"ಹೀಗೂ ನಡೀತದೆ ಅಂತ ಜನಕ್ಕೆ ಗೊತ್ತಾಗೋದು ಬೇಡ್ವಾ?" ಎನ್ನುತ್ತಾನೆ.

"ಗೊತ್ತಾಗಿ ಏನ್ಮಾಡ್ತಾರೆ? ಊಟ ಮಾಡ್ತಾ ನೋಡ್ತಾರೆ" ಎಂದು ಅವನ ಬಾಯಿ ಮುಚ್ಚಿಸುತ್ತೇನೆ. ಏಳು ವರ್ಷದಿಂದ ಇದೇ ಜಗಳ, ಇಬ್ಬರೂ ಸೋತಿಲ್ಲ.

ದಿನಕ್ಕೆ ನಾನೂರು ವಿಡಿಯೋ ನೋಡಿಯೂ ತಲೆ ನೆಟ್ಟಗಿರಬೇಕೆಂದರೆ ಅದಕ್ಕೊಂದು ಉಪಾಯವಿದೆ. ನಮ್ಮ ಪರದೆಯಲ್ಲಿ ಬಣ್ಣ ಇರುವುದಿಲ್ಲ, ಎಲ್ಲವೂ ಬೂದಿ. ಶಬ್ದ ಇರುವುದಿಲ್ಲ. ಮುಖಗಳನ್ನು ಯಂತ್ರವೇ ಒರೆಸಿರುತ್ತದೆ. ವೇಗ ಎರಡರಷ್ಟು. ಮೊದಲಿನಿಂದ ನೋಡುವ ಪುರುಸೊತ್ತೂ ಇಲ್ಲ, ದೂರು ಕೊಟ್ಟವರು ಯಾವ ಜಾಗಕ್ಕೆ ಗುರುತು ಹಾಕಿರುತ್ತಾರೋ ಅಲ್ಲಿಗೆ ನೇರ ಹಾರುತ್ತೇವೆ. ಸೇರಿದ ಹೊಸದರಲ್ಲಿ ನಾನು ಒಂದು ತಿಂಗಳು ಬಣ್ಣದಲ್ಲಿ, ಶಬ್ದ ಹಾಕಿಕೊಂಡು ನೋಡಿದ್ದೆ. ಮನೆಗೆ ಹೋಗಿ ಟೊಮೆಟೊ ಹೆಚ್ಚಲಾಗುತ್ತಿರಲಿಲ್ಲ. ಬೂದಿ ಬಣ್ಣ ಬಂದ ಮೇಲೆ ನಿದ್ದೆ ಬಂತು.

ಆ ದಿನ ಮಧ್ಯಾಹ್ನ ಡಬ್ಬಿ ತೆರೆಯುವಷ್ಟರಲ್ಲಿ ತಮ್ಮನ ಹೆಂಡತಿಯ ಫೋನು.

ತಮ್ಮ ಎರಡು ದಿನದಿಂದ ಪೊಲೀಸರ ವಶದಲ್ಲಿದ್ದ. ಅವನು ಒಂದು ದೊಡ್ಡ ಗೋದಾಮಿನಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಾನೆ. ಮೊನ್ನೆ ಗೇಟಿನ ಕಾವಲುಗಾರರ ಮೇಲೆ ಕಬ್ಬಿಣದ ಸಲಾಕೆ ಎತ್ತಿದ ಎಂದು ಮಾಲೀಕರು ದೂರು ಕೊಟ್ಟಿದ್ದರು. ಅವನು ಹೇಳುವುದೇ ಬೇರೆ, ಆದರೆ ಅವನ ಪರ ಬಾಯಿ ಬಿಡಲು ಒಬ್ಬನಿಗೂ ಧೈರ್ಯವಿಲ್ಲ. ಮರುದಿನ ಹತ್ತಕ್ಕೆ ಕೋರ್ಟು. ಸಾಕ್ಷಿ ಇಲ್ಲದಿದ್ದರೆ ಐದು ವರ್ಷ ಎಂದು ವಕೀಲರು ಹೇಳಿಬಿಟ್ಟಿದ್ದರು.

ಅವನನ್ನು ಸಾಕಿದ್ದು ನಾನು. ಅಮ್ಮ ಹೋದಾಗ ಅವನಿಗೆ ಎರಡು ವರ್ಷ, ನನಗೆ ಹದಿಮೂರು. ಬಿದ್ದರೆ ಪೆಟ್ಟಾದರೆ ಎಲ್ಲ ಮಕ್ಕಳೂ ಅಮ್ಮಾ ಎನ್ನುತ್ತವೆ, ಇವನು ಅಕ್ಕಾ ಎನ್ನುತ್ತಿದ್ದ. ಈಗ ಮೂವತ್ತೈದಾಗಿದೆ, ಬಾಗಿಲಿಗೆ ಬೆರಳು ಸಿಕ್ಕಿದರೆ ಈಗಲೂ ಅದೇ. ಹೆಂಡತಿ ಇದೇ ವಿಷಯಕ್ಕೆ ಅವನ ಕಾಲೆಳೆಯುತ್ತಾಳೆ.

"ಅತ್ತಿಗೆ, ವಿಡಿಯೋ ಇತ್ತಂತೆ" ಎಂದಳು. "ತೂಕದ ಸೆಕ್ಷನ್ನಿನವನು ಫೋನಲ್ಲಿ ಪೂರ್ತಿ ಹಿಡಿದಿದ್ದನಂತೆ. ಹೆದರಿಕೊಂಡು ಈಗ ಬಂದು ಹೇಳಿದ. ಆವತ್ತೇ ಹಾಕಿದ್ನಂತೆ, ಆಮೇಲೆ ಅವನ ಫೋನೇ ಕಿತ್ಕೊಂಡು ಒಡೆದು ಹಾಕಿದ್ರಂತೆ. ಲಿಂಕು ಬರೆದು ಕೊಟ್ಟ. ತೆಗೆದು ನೋಡಿದ್ರೆ ಏನೂ ಇಲ್ಲ. ‘ಹಿಂಸೆಯ ಕಾರಣ ತೆಗೆಯಲಾಗಿದೆ’ ಅಂತ ಬರ್ತಿದೆ. ಕೆಳಗೆ ಒಂದು ನಂಬರ್ ಇದೆ. ನಿಮ್ಮ ಆಫೀಸಿಂದೇ ಅಲ್ವಾ ಇದು?"

"ನಂಬರ್ ಓದು."

ಅವಳು ಓದಿದಳು. ಕೊನೆಯ ಮೂರು ಅಂಕಿ ನಾಲ್ಕು, ಒಂದು, ಏಳು. ನಾಲ್ಕನೇ ಮಹಡಿ, ಹದಿನೇಳನೇ ಸೀಟು. ನನ್ನದು.

ಡಬ್ಬಿಯ ಮುಚ್ಚಳ ಮತ್ತೆ ಹಾಕಿದೆ. "ನೋಡ್ತೀನಿ, ಇಡು" ಎಂದಷ್ಟೇ ಹೇಳಿದೆ. ಅವಳಿಗೆ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಸೀಟಿಗೆ ಬಂದು ದಾಖಲೆ ತೆರೆದೆ. ಮೊನ್ನೆ ಸಂಜೆ ಐದಕ್ಕೆ ತೆಗೆದಿದ್ದೆ. ವಿಡಿಯೋದ ಉದ್ದ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ನಾನು ನೋಡಿದ್ದು ಒಂಬತ್ತು ಸೆಕೆಂಡು. ಹತ್ತೇ ನಿಮಿಷದಲ್ಲಿ ಅದರ ಮೇಲೆ ಮೂವತ್ತೊಂದು ದೂರು ಬಂದಿದ್ದವು, ಎಲ್ಲರ ಮಾತೂ ಒಂದೇ, ಎಲ್ಲರೂ ಗುರುತು ಹಾಕಿದ್ದೂ ಒಂದೇ ಜಾಗಕ್ಕೆ. ಮಂಕಾಗಿ ನೆನಪಾಯಿತು. ಬೂದಿ ಅಂಗಿಯ ಮುಖವಿಲ್ಲದವನೊಬ್ಬ ನೆಲದಿಂದ ಸಲಾಕೆ ಎತ್ತುತ್ತಾನೆ. ತೆಗೆ ಎಂದು ಒತ್ತಿ, ಮುಂದಿನದಕ್ಕೆ ಹೋಗಿ, ಆರಕ್ಕೆ ಮನೆಗೆ ಹೋಗಿದ್ದೆ. ಬಸ್ಸಿನಲ್ಲಿ ಸೀಟೂ ಸಿಕ್ಕಿತ್ತು.

ತೆಗೆದ ವಿಡಿಯೋ ನಮ್ಮಲ್ಲಿ ನಲವತ್ತೆಂಟು ಗಂಟೆ ಇರುತ್ತದೆ. ಆಮೇಲೆ ಅಳಿಸಿಹೋಗುತ್ತದೆ, ದೇವರು ಬಂದರೂ ಸಿಗುವುದಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡೂವರೆ. ಇನ್ನು ಎರಡೂವರೆ ಗಂಟೆ ಇತ್ತು.

ಮೇಲ್ವಿಚಾರಕಿಯ ಕೋಣೆಗೆ ಹೋದೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಅವರು ಮೇಡಂ, ನಾನು ಕತ್ತರಿ. ತಪ್ಪಾಗಿ ತೆಗೆದಿದ್ದೇನೆ, ವಾಪಸು ಹಾಕಬೇಕು ಎಂದೆ. ಅವರು ಕಂಪ್ಯೂಟರಿನಿಂದ ಕಣ್ಣು ಕಿತ್ತು ನನ್ನನ್ನು ನೋಡಿದರು. ಏಳು ವರ್ಷದಲ್ಲಿ ನಾನು ಒಂದನ್ನೂ ವಾಪಸು ಕೇಳಿದವಳಲ್ಲ.

"ವಕೀಲರಿಗೆ ಮಾತ್ರ ಕಳಿಸೋಕಾಗಲ್ವಾ ಮೇಡಂ? ಎಲ್ಲರೂ ನೋಡೋದು ಬೇಡ."

"ಅದಕ್ಕೆ ಕೋರ್ಟಿಂದ ಕಾಗದ ಬರಬೇಕು, ಹದಿನೈದು ದಿನ. ಇಲ್ಲಿ ಇರೋದು ಎರಡೇ. ಎಲ್ಲರಿಗೂ ಇದೆ, ಇಲ್ಲ ಅಂದ್ರೆ ಯಾರಿಗೂ ಇಲ್ಲ." ಆಮೇಲೆ ಕೇಳಿದರು, "ಯಾವ ವಕೀಲರು?"

"ಮಾತಿಗೆ ಹೇಳಿದೆ" ಎಂದು ಹೊರಗೆ ಬಂದೆ.

ವಾಪಸು ಹಾಕಬೇಕೆಂದರೆ ಅರ್ಜಿ ತುಂಬಬೇಕು. ಬಣ್ಣ ಹಾಕಿ, ಶಬ್ದ ಹಾಕಿ, ಮುಖ ತೆರೆದು, ಪೂರ್ತಿ ನೋಡಿ, ಕಂಡದ್ದನ್ನೂ ಕೇಳಿದ್ದನ್ನೂ ಸಮಯ ಸಮೇತ ಬರೆಯಬೇಕು. ಮೊದಲ ಪ್ರಶ್ನೆ: ವಿಡಿಯೋದಲ್ಲಿರುವ ಯಾರಾದರೂ ನಿಮಗೆ ಪರಿಚಯವೇ? ಹೌದು ಎಂದರೆ ಅರ್ಜಿ ಅಲ್ಲೇ ರದ್ದು. ಇಲ್ಲ ಎಂದು ಬರೆದೆ. ಸುಳ್ಳು ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಹೋದರೆ ಹೋಗಲಿ ಎಂದುಕೊಂಡೆ.

ಕನ್ನಡಕದವನ ಹೆಡ್‌ಫೋನ್ ಇಸಕೊಂಡೆ. ನನ್ನದು ಎಲ್ಲಿದೆಯೋ ನನಗೇ ಗೊತ್ತಿರಲಿಲ್ಲ.

ಬಣ್ಣ ಬಂತು. ಕಾವಲುಗಾರರದು ನೀಲಿ ಅಂಗಿ, ನನ್ನ ತಮ್ಮನದು ಕಿತ್ತಳೆ. ಇಷ್ಟು ಸಾಕಿತ್ತು, ಯಾರು ಯಾರೆಂದು ಕೂಸಿಗೂ ಗೊತ್ತಾಗುತ್ತಿತ್ತು. ಬರೆದೆ: ‘0:20. ಕಿತ್ತಳೆ ಅಂಗಿಯವನು ಗೇಟು ತೆರೆಯಲು ಹೇಳುತ್ತಾನೆ. ಒಳಗೊಬ್ಬನ ಕಾಲು ಸರಕಿನಡಿ ಸಿಕ್ಕಿದೆ, ಆಂಬುಲೆನ್ಸ್ ಹೊರಗೆ ನಿಂತಿದೆ ಎನ್ನುತ್ತಾನೆ. 0:48. ಸಾಹೇಬರ ಚೀಟಿ ಇಲ್ಲದೆ ತೆರೆಯುವುದಿಲ್ಲ ಎಂದು ನೀಲಿಯವರು ಹೇಳುತ್ತಾರೆ. 1:15. ಅವನೇ ಚಿಲಕಕ್ಕೆ ಕೈ ಹಾಕುತ್ತಾನೆ. 1:19. ಮೊದಲ ಏಟು, ನೀಲಿಯವರದು. 1:52...’

ಅಲ್ಲಿ ನಿಲ್ಲಿಸಿದೆ. ಶೌಚಾಲಯಕ್ಕೆ ಹೋಗಿ ಮುಖ ತೊಳೆದು ಬಂದೆ. ಮತ್ತೆ ಅಲ್ಲಿಂದಲೇ ಹಾಕಿದೆ. ಮತ್ತೆ ನಿಲ್ಲಿಸಿದೆ. ಅಷ್ಟು ನೋಡಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ‘1:52. ಬಿದ್ದವನು ಅಕ್ಕಾ ಎಂದು ಮೂರು ಸಲ ಕೂಗುತ್ತಾನೆ. 2:03. ಏಟು ಹಾಕುವವನ ಕೈಯಿಂದ ಸಲಾಕೆ ಜಾರಿ ಬೀಳುತ್ತದೆ, ಬಿದ್ದವನು ಅದನ್ನು ತಲೆಗೆ ಅಡ್ಡ ಹಿಡಿಯುತ್ತಾನೆ.’ ಇದೇ ನನ್ನ ಒಂಬತ್ತು ಸೆಕೆಂಡು. ತಲೆ ಉಳಿಸಿಕೊಳ್ಳಲು ಹಿಡಿದದ್ದನ್ನು ನಾನು ಹೊಡೆಯಲು ಎತ್ತಿದ ಎಂದುಕೊಂಡಿದ್ದೆ.

ಕೊನೆಯ ಪ್ರಶ್ನೆ: ಜನ ಇದನ್ನು ಏಕೆ ನೋಡಬೇಕು? ನೋಡಬಾರದು. ಮಣ್ಣಲ್ಲಿ ಹೊರಳುವ ನನ್ನ ತಮ್ಮನನ್ನು ಊರ ಮಂದಿಯೆಲ್ಲ ಊಟ ಮಾಡುತ್ತಾ ನೋಡುವುದು ನನಗೆ ಬೇಡ. ಆದರೆ ಯಾರೂ ನೋಡದಿದ್ದರೆ ಅವನು ಐದು ವರ್ಷ ಒಳಗಿರುತ್ತಾನೆ. ‘ನಡೆದದ್ದು ಹೀಗೆ, ಅದಕ್ಕೆ’ ಎಂದು ಬರೆದು ಕಳಿಸಿದಾಗ ನಾಲ್ಕೂ ಇಪ್ಪತ್ತೈದು.

ಐದು ನಿಮಿಷಕ್ಕೆ ಮೇಡಂ ಕರೆದರು. ಅರ್ಜಿ ಓದುತ್ತಿದ್ದರು.

"ಇಲ್ಲಿ ಹೆಂಗಸರು ಯಾರಾದ್ರೂ ಇದ್ದಾರಾ?"

"ಇಲ್ಲ."

"ಮತ್ತೆ ಯಾವ ಅಕ್ಕನ್ನ ಕೂಗ್ತಿದ್ದಾನೆ?"

ಸುಮ್ಮನೆ ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಆಗಲೇ ಒಂದು ಸುಳ್ಳು ಬರೆದು ಆಗಿತ್ತು, ಇನ್ನೊಂದಕ್ಕೆ ಏನು ಮಹಾ. ಆದರೆ ಆ ಕೂಗು ನನಗಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ನನ್ನನ್ನ" ಎಂದೆ.

ಅವರು ನನ್ನ ಅರ್ಜಿಯನ್ನು ರದ್ದು ಮಾಡಿದರು. ಆಮೇಲೆ ಡ್ರಾಯರ್ ಎಳೆದು, ಧೂಳು ಹಿಡಿದ ಹೆಡ್‌ಫೋನ್ ತೆಗೆದು, ಸೆರಗಿನಲ್ಲಿ ಒರೆಸಿ, ಕಿವಿಗೆ ಹಾಕಿಕೊಂಡರು. ತಮ್ಮದೇ ಹೆಸರಿನಲ್ಲಿ ಹೊಸ ಅರ್ಜಿ ತೆರೆದರು. ಪರದೆ ಅವರ ಕಡೆಗಿತ್ತು, ನನಗೆ ಕಾಣುತ್ತಿದ್ದುದು ಅವರ ಮುಖ ಮಾತ್ರ. ವಿಡಿಯೋದಲ್ಲಿ ನನ್ನ ತಮ್ಮ ಮೊದಲ ಸಲ ನನ್ನನ್ನು ಕೂಗಿದ್ದು ಯಾವಾಗ ಎಂದು ಆ ಮುಖ ನೋಡಿಯೇ ಗೊತ್ತಾಯಿತು.

ಐದಕ್ಕೆ ಹತ್ತು ನಿಮಿಷವಿದ್ದಾಗ ವಿಡಿಯೋ ವಾಪಸು ಬಂತು. ಎಚ್ಚರಿಕೆಯ ಫಲಕ ಮುಂದಿಟ್ಟು ಹಾಕಿದರು.

"ಸುಳ್ಳು ಬರೆದಿದ್ದು ಬೇರೆ ವಿಷಯ. ಕಾರ್ಡು ಕೊಟ್ಟು ಹೋಗಿ" ಎಂದರು. ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟೆ.

ಮೂರನೇ ಮಹಡಿಯ ಮೆಟ್ಟಿಲಲ್ಲಿ ಫೋನು ಬಂತು. ತಮ್ಮನ ಹೆಂಡತಿ ಅಳುತ್ತಿದ್ದಳು. "ಬಂತು ಅತ್ತಿಗೆ. ವಕೀಲರು ಇಳಿಸಿಕೊಂಡ್ರು. ಇದೊಂದೇ ಸಾಕು ಅಂದ್ರು."

"ಪುಟ್ಟಿಗೆ ತೋರಿಸ್ಬೇಡ ಕಣೆ."

ಫೋನು ಕೈ ಬದಲಾಯಿತು. ತಮ್ಮನ ಮಗಳು ಪುಟ್ಟಿಗೆ ಎಂಟು ವರ್ಷ, ಅಪ್ಪನ ಹಾಗೆ ನಿಧಾನಕ್ಕೆ ಮಾತಾಡುತ್ತಾಳೆ.

"ಅತ್ತೆ, ಅಪ್ಪ ಅಕ್ಕಾ ಅಂತ ಕೂಗಿದ್ದು ನಿಮ್ಮನ್ನೇ ಅಲ್ವಾ?"

"ಹೂಂ ಮಗಳೆ."

"ನೀವ್ಯಾಕೆ ಹೋಗ್ಲಿಲ್ಲ?"

ಯಾರೋ ಮೆಟ್ಟಿಲಿಳಿದು ಬರುತ್ತಿದ್ದರು, ಗೋಡೆಗೆ ಸರಿದು ದಾರಿ ಬಿಟ್ಟೆ. ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಹೋಗಿದ್ದೆ ಪುಟ್ಟಿ, ಒಂಬತ್ತು ಸೆಕೆಂಡು ನಾನು ಅಲ್ಲೇ ಇದ್ದೆ.