ಪ್ರಾರ್ಥನೆಗೆಂದು ಹೇಳಿದ ಮಾತು

ಭಾನುವಾರದ ಆರಾಧನೆ ಮುಗಿಯುವಷ್ಟರಲ್ಲಿ ಚರ್ಚಿನ ಅಡುಗೆಮನೆಯಲ್ಲಿ ಸೋಯಾ ಸಾರು ಕುದಿಯುತ್ತಿತ್ತು. ಯೊಸು ಬಂದರಿನ ಮೇಲಿನ ಗುಡ್ಡದ ಆ ಪುಟ್ಟ ಸಭೆಯವರು ಒಟ್ಟಿಗೆ ಉಂಡೇ ಮನೆಗೆ ಹೋಗುವುದು. ಸಾರು ತಿರುವುತ್ತಿದ್ದ ಓಕ್‌ರಾನ್ ಹಿರಿಯಳು. ಕಷ್ಟ ಬಂದವರು ಮೊದಲು ಅವಳ ಬಳಿಯೇ ಹೇಳಿಕೊಳ್ಳುತ್ತಿದ್ದರು. ಹಿಂದಿನ ದಿನ, ಒಣಮೀನು ಮಾರುವ ಪಿಲ್‌ಸುನ್ ಬಂದು ಅತ್ತು ಹೋಗಿದ್ದಳು.

"ಯಾಕಕ್ಕಾ, ಪಿಲ್‌ಸುನ್ ಮುಖ ಸಪ್ಪಗಿದೆ?" ಪಕ್ಕದಲ್ಲಿ ಸೊಪ್ಪು ಹೆಚ್ಚುತ್ತಿದ್ದ ಮಾಲ್‌ಜಾ ಕೇಳಿದಳು.

ಓಕ್‌ರಾನ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನೋಡು, ಇದು ಚಾಡಿ ಅಲ್ಲ. ನೀನೂ ಪ್ರಾರ್ಥನೆ ಮಾಡು ಅಂತ ಹೇಳ್ತಿದೀನಿ. ಅವಳ ಮಗ ಗ್ಯುಹೋ ಬಂದಿದಾನಲ್ಲ, ಬುಸಾನಿನ ಕಾರ್ಖಾನೆಯಿಂದ ಅಲ್ಲ ಕಣೇ. ಜೈಲಿಂದ. ಕಳ್ಳತನ."

"ಅಯ್ಯೋ ಕರ್ತನೇ!"

"ಯಾರಿಗೂ ಹೇಳ್ಬೇಡ, ಮತ್ತೆ."

"ನಾನಾ? ದೇವರಿಗೆ ಬಿಟ್ಟು ಯಾರಿಗೂ ಹೇಳಲ್ಲ."

ಮಾಲ್‌ಜಾ ಮಾತಿಗೆ ತಪ್ಪಲಿಲ್ಲ. ದೇವರಿಗೇ ಹೇಳಿದಳು.

ಬುಧವಾರ ಸಂಜೆಯ ಕೂಟದಲ್ಲಿ ಎಲ್ಲರೂ ಒಮ್ಮೆಲೇ ಗಟ್ಟಿಯಾಗಿ ಪ್ರಾರ್ಥಿಸುವುದು ರೂಢಿ. ಆ ಗದ್ದಲದಲ್ಲಿ ಒಬ್ಬರದು ಇನ್ನೊಬ್ಬರಿಗೆ ಕೇಳಿಸುವುದಿಲ್ಲವಾದ್ದರಿಂದ ಮನಸ್ಸು ಬಿಚ್ಚಿ ಅಳಬಹುದು. ಸಭಾಪಾಲಕರು ವೇದಿಕೆಯ ಗಂಟೆ ಬಾರಿಸಿದ ಕೂಡಲೇ ನಿಲ್ಲಿಸಬೇಕು. ಅಂದು ಗ್ಯುಹೋ ಮೊದಲ ಬಾರಿಗೆ ತಾಯಿಯ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಗಂಟೆ ಬಾರಿಸಿತು, ಎಲ್ಲರೂ ಸುಮ್ಮನಾದರು. ಕಣ್ಣೀರಿಡುತ್ತಿದ್ದ ಮಾಲ್‌ಜಾಗೆ ಮಾತ್ರ ಅದು ಕೇಳಿಸಲಿಲ್ಲ.

"...ಪಿಲ್‌ಸುನ್ ಮಗ ಜೈಲಿಂದ ಬಂದಿದಾನೆ ಕರ್ತನೇ, ಅವನ ಕೈ ಮತ್ತೆ ಕಳ್ಳತನಕ್ಕೆ ಹೋಗದ ಹಾಗೆ..."

ಯಾರೋ ಕೆಮ್ಮಿದರು. ಗ್ಯುಹೋ ಎದ್ದು, ಬಾಗಿಲಲ್ಲಿ ಬಿಟ್ಟಿದ್ದ ಷೂ ಕೈಯಲ್ಲಿ ಹಿಡಿದೇ ಹೊರಟುಹೋದ. ಪಿಲ್‌ಸುನ್ ತಿರುಗಿ ನೋಡಿದ್ದು ಮಾಲ್‌ಜಾಳನ್ನಲ್ಲ, ಓಕ್‌ರಾನಳನ್ನು.

"ನಾನೇನು ತಪ್ಪು ಮಾಡ್ದೆ?" ಹೊರಗೆ ಮೆಟ್ಟಿಲ ಮೇಲೆ ಮಾಲ್‌ಜಾ ಬಿಕ್ಕಿದಳು. "ಅವನಿಗೆ ಒಳ್ಳೇದಾಗ್ಲಿ ಅಂತಾನೇ ಬೇಡ್ಕೊಂಡೆ. ನೀನೇ ಅಲ್ವಾ ಹೇಳಿದ್ದು?"

ಮರುದಿನ ಓಕ್‌ರಾನ್ ಪಿಲ್‌ಸುನಳ ಒಣಮೀನಿನ ಅಂಗಡಿಗೆ ಹೋದಳು. "ಪ್ರಾರ್ಥನೆಗೋಸ್ಕರ ಹೇಳಿದ್ದು ಕಣೇ. ಬೇರೆ ಏನೂ ಇರ್ಲಿಲ್ಲ ನನ್ನ ಮನಸ್ಸಲ್ಲಿ."

ಪಿಲ್‌ಸುನ್ ತಲೆ ಎತ್ತಲಿಲ್ಲ. "ನಾನು ದೇವರಿಗೆ ಹೇಳು ಅಂದೆ ಅಕ್ಕಾ. ಮಾಲ್‌ಜಾಗೆ ಹೇಳೋದಾಗಿದ್ರೆ ನಾನೇ ಹೇಳ್ತಿದ್ದೆ. ನನಗೂ ಬಾಯಿದೆ."

ಅಂಗಡಿಯ ಹಿಂದಿನ ಓಣಿಯಲ್ಲಿ ಗ್ಯುಹೋ ಬಟ್ಟೆಯ ಚೀಲ ಕಟ್ಟುತ್ತಿದ್ದ. ತನ್ನ ಅರ್ಧ ವಯಸ್ಸಿನ ಅವನೆದುರು ಓಕ್‌ರಾನ್ ಕ್ಷಮೆ ಕೇಳಿ ಸೊಂಟ ಬಾಗಿಸಿ ನಿಂತಳು. ಹಾದುಹೋಗುವವರು ನೋಡಿಕೊಂಡೇ ಹೋದರು.

"ನೆಟ್ಟಗೆ ನಿಲ್ಲಿ ದೊಡ್ಡಮ್ಮ, ಸೊಂಟ ಹಿಡ್ಕೊಂಡ್ರೆ ಆ ಅಪರಾಧಾನೂ ನನ್ನ ತಲೆಗೇ ಬರತ್ತೆ," ಎಂದ. ನಗಲಿಲ್ಲ. "ಜೆಜು ದ್ವೀಪಕ್ಕೆ ಹೋಗ್ತಿದೀನಿ, ಮೀನಿನ ದೋಣಿ ಕೆಲಸಕ್ಕೆ. ಅಲ್ಲಿ ಯಾರಿಗೂ ನನ್ನ ವಿಷಯ ಗೊತ್ತಿಲ್ಲ. ಬೇಕಿದ್ರೆ ಇದಕ್ಕೂ ಪ್ರಾರ್ಥನೆ ಮಾಡಿಸಿ."

ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ ಹಾಕುವ ದಿನ ಹೆಂಗಸರೆಲ್ಲ ಚರ್ಚಿನ ಅಂಗಳದಲ್ಲಿ ಸೇರಿದರು. ಪಿಲ್‌ಸುನ್ ಬಂದಳು, ಆದರೆ ನಲ್ಲಿಯ ಹತ್ತಿರ, ಎಲ್ಲರಿಗೂ ಬೆನ್ನು ಹಾಕಿ ಎಲೆಕೋಸು ತೊಳೆಯುತ್ತ ಕೂತಳು.

"ಅವಳ ಮಗ ಕಾಣಿಸ್ತಾನೇ ಇಲ್ಲ," ಮಾಲ್‌ಜಾಳ ಪಿಸುಮಾತು ಅಂಗಳಕ್ಕೆಲ್ಲ ಕೇಳುವಂತಿತ್ತು. "ಮತ್ತೆ ಒಳಗೆ ಹೋದ್ನಾ? ನಿನಗೆ ಗೊತ್ತಿರತ್ತೆ ಅಕ್ಕಾ. ಹೇಳು, ಪ್ರಾರ್ಥನೆ ಮಾಡೋಣ."

ಮೆಣಸಿನಪುಡಿ ಕಲಸುತ್ತಿದ್ದ ಕೈಗಳೆಲ್ಲ ನಿಂತವು. ಒಳಗೆ ಹೋಗಿಲ್ಲ ಎಂಬ ಮಾತು ಓಕ್‌ರಾನಳ ನಾಲಿಗೆಯ ತುದಿಗೆ ಬಂತು. ಅಷ್ಟು ಹೇಳಿದರೆ ಎಲ್ಲಿಗೆ ಹೋದ ಎಂದೂ ಹೇಳಬೇಕಾಗುತ್ತಿತ್ತು.

"ಗೊತ್ತು," ಎಂದಳು.

ಎಲ್ಲರೂ ಕಾದರು. ಅವಳು ಇನ್ನೊಂದು ಎಲೆಕೋಸು ಎತ್ತಿಕೊಂಡು, ಎಲೆ ಬಿಡಿಸಿ, ಮಸಾಲೆ ಹಚ್ಚತೊಡಗಿದಳು.

"ಅಬ್ಬಬ್ಬಾ, ಏನು ಬಿಗುಮಾನ!" ಮಾಲ್‌ಜಾ ಮೂತಿ ತಿರುಗಿಸಿದಳು.

ನಲ್ಲಿಯ ನೀರು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಪಿಲ್‌ಸುನ್ ತನ್ನ ಮಣೆ ಎಳೆದುಕೊಂಡು ಬಂದು, ಓಕ್‌ರಾನಳ ಎದುರು ಕೂತು ಅವಳ ಮುಂದಿದ್ದ ಎಲೆಕೋಸಿನ ರಾಶಿಗೆ ಕೈ ಹಾಕಿದಳು.