ಸ್ಟೆನೋ ಕಟ್ಟಿದ ಹೇಳಿಕೆ

ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದ ಮನುಷ್ಯನಿಗೆ ಅರವತ್ತು ದಾಟಿದ ಮೇಲೆ ಪಾದ್ರಿಯಾಗುವ ಮನಸ್ಸಾಯಿತು ಎಂದರೆ ಯಾರಿಗಾದರೂ ನಗು ಬರುತ್ತದೆ. ಹಳೆಯ ಸಹೋದ್ಯೋಗಿಗಳಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಎಲ್ಲರೂ ಸ್ಟೆನೋ ಎಂದೇ ಕರೆಯುತ್ತಿದ್ದ ಅವನು ಮಾತ್ರ ನಗಲಿಲ್ಲ.

ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ, ಭಾನುವಾರ ಪೂಜೆ ಮುಗಿಸಿ ಆಸ್ಪತ್ರೆಯ ರೋಗಿಗಳನ್ನು ಮಾತಾಡಿಸಲು ಹೋಗುತ್ತಿದ್ದ. ಒಂದು ದಿನ ಅಲ್ಲಿ ಸಾಯಲು ಬಿದ್ದಿದ್ದ ಲಾರಿ ಡ್ರೈವರೊಬ್ಬ ಅವನ ಕೈ ಹಿಡಿದು, "ಫಾದರ್, ನನ್ನ ಪಾಪ ಕೇಳಿಸ್ಕೊಳ್ಳಿ" ಅಂದ. "ನಾನು ಫಾದರ್ ಅಲ್ಲಪ್ಪ" ಎಂದು ಇವನು ಇದ್ದದ್ದು ಹೇಳಿದ. ನಿಜವಾದ ಫಾದರ್ ಬರುವಷ್ಟರಲ್ಲಿ ಡ್ರೈವರ್ ಹೋಗಿಬಿಟ್ಟಿದ್ದ. ಅಂದಿನಿಂದ ಸ್ಟೆನೋಗೆ ಊಟ ರುಚಿಸಲಿಲ್ಲ. ಜನರ ಪಾಪ ಕೇಳಿ ಕ್ಷಮೆ ಹೇಳುವ ಕೆಲಸಕ್ಕೇ ದೇವರು ತನ್ನನ್ನು ಕರೆಯುತ್ತಿದ್ದಾನೆ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಅಡ್ಡಿ ಒಂದೇ, ಹೆಂಡತಿ. ಮಕ್ಕಳಿರಲಿಲ್ಲ. ಡೈವೋರ್ಸ್ ಆಗಿ ಹನ್ನೆರಡು ವರ್ಷವಾಗಿತ್ತು. ಆದರೆ ಕೋರ್ಟು ಬಿಡಿಸಿದ ಗಂಟನ್ನು ಚರ್ಚು ಬಿಚ್ಚುವುದಿಲ್ಲ. ಅವಳು ಬದುಕಿರುವವರೆಗೆ ಇವನು ಗಂಡನೇ, ಗಂಡನಾದವನು ಪಾದ್ರಿಯಾಗುವಂತಿಲ್ಲ.

"ಮದುವೆ ದಿನವೇ ಮನಸ್ಸಿನ ಒಪ್ಪಿಗೆ ಇರ್ಲಿಲ್ಲ ಅಂತ ಸಾಬೀತಾದ್ರೆ, ಆ ಮದುವೆ ಆಗೇ ಇಲ್ಲ ಅಂತ ಚರ್ಚು ಹೇಳಬಹುದು," ಎಂದರು ಅವನಿಗಿಂತ ಮೂವತ್ತು ವರ್ಷ ಚಿಕ್ಕವರಾದ ಅವನ ಚರ್ಚಿನ ಫಾದರ್. "ಬೇಗ ಅರ್ಜಿ ಕೊಡಿ. ನಿಮ್ಮ ವಯಸ್ಸು ನೋಡಿ ಬಿಷಪ್ಪರು ಈಗಲೇ ಹಿಂದೆಮುಂದೆ ನೋಡ್ತಿದ್ದಾರೆ."

ಇಪ್ಪತ್ತೆರಡು ವರ್ಷ ಚೆನ್ನಾಗಿಯೇ ಸಂಸಾರ ಮಾಡಿದೆವು, ಕೊನೆಗೆ ಏಕೋ ಅವಳಿಗೆ ಬೇಸರವಾಯಿತು ಎಂಬುದು ಸ್ಟೆನೋನ ನಂಬಿಕೆ. ಆದರೂ ಸುಳ್ಳು ಸಾಕ್ಷಿ ಹೆಣೆಯುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಅಷ್ಟು ಸುಳ್ಳನ್ನು ಟೈಪು ಮಾಡಿದ ಕೈ ಅದು. ದೇವರ ಕೆಲಸಕ್ಕೆ ತಾನೇ ಎಂದು ಸಮಾಧಾನ ಮಾಡಿಕೊಂಡು, ಅವಳ ಪರವಾಗಿ ತಾನೇ ಹೇಳಿಕೆ ಬರೆದ: 'ಈ ಮದುವೆ ನನಗೆ ಬೇಡವಾಗಿತ್ತು. ಅಪ್ಪ ಒಂದು ದಿನ ಕೋಣೆಯಲ್ಲಿ ಕೂಡಿಹಾಕಿ ಒಪ್ಪಿಸಿದರು.'

ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿ ಹೋದ. ಸಹಿ ಹಾಕುವುದಿಲ್ಲ ಅಂದರೆ ಕಾಲಿಗೂ ಬೀಳಲು ತಯಾರಾಗಿದ್ದ. ಅವಳು ಕಾಗದವನ್ನು ಎರಡು ಸಲ ಓದಿದಳು.

"ಇದನ್ನ ನಿಮಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನೇ ಕಟ್ಟಿದ್ದು. ಯಾಕೆ?"

ಅವಳು ಪೆನ್ನು ತೆಗೆದು 'ಒಂದು ದಿನ' ಎಂಬುದನ್ನು ಹೊಡೆದುಹಾಕಿ 'ಮೂರು ದಿನ' ಎಂದು ಬರೆದಳು.

"ತಿದ್ದಿದ ಕಡೆ ಚಿಕ್ಕ ರುಜು ಹಾಕ್ಬೇಕು," ಎಂದು ಅಭ್ಯಾಸಬಲದಿಂದ ಅವನ ಬಾಯಿ ಹೇಳಿಬಿಟ್ಟಿತು. ಹೇಳಿದ ಮೇಲೆ ಅರ್ಥವಾಯಿತು. ತಾನು ಕಟ್ಟಿದ್ದು ಸುಳ್ಳಲ್ಲ.

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಕೆ ಬಂದಿದ್ದೆ. ಮದುವೆಯಾದ ವಾರಕ್ಕೆ ಒಂದು ಸಲ, ಅಮ್ಮ ತೀರಿಕೊಂಡಾಗ ಒಂದು ಸಲ. ಕೋರ್ಟಲ್ಲಿ ದಿನಾ ಕೇಳಿ ಕೇಳಿ ಸಾಕಾಗಿದೆ, ಮನೇಲಾದ್ರೂ ಸುಮ್ನಿರು ಮಾರಾಯ್ತಿ ಅಂದ್ರಿ. ಸುಮ್ನಾದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆಚ್ಚು ಸುಟ್ಟಿತು. ರುಜು ಹಾಕಿ, ಕೆಳಗೆ ಸಹಿಯನ್ನೂ ಹಾಕಿ, ಕಾಗದ ಮಡಚಿ ಕೊಟ್ಟಳು. "ತಗೊಳ್ಳಿ. ನಿಮಗಾದ್ರೂ ಒಳ್ಳೇದಾಗ್ಲಿ."

ಮರುದಿನ ಅದನ್ನು ಓದಿ ಫಾದರ್ ಖುಷಿಪಟ್ಟರು. "ಗಟ್ಟಿ ಸಾಕ್ಷಿ ಇದು. ಇನ್ನು ನಿಮ್ಮ ಅರ್ಜಿ ಒಂದು ಬಂದ್ರೆ ಸಾಕು."

ಸ್ಟೆನೋ ಕೈ ಚಾಚಿ ಕಾಗದ ವಾಪಸ್ಸು ಇಸಿದುಕೊಂಡ. ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಇದ್ದವಳ ಒಂದೇ ಒಂದು ಮಾತು ಕೇಳಿಸಿಕೊಳ್ಳದವನು ಇನ್ನು ಯಾರ ಪಾಪ ಕೇಳಿಯಾನು?

"ಅರ್ಜಿ ಕೊಡಲ್ಲ ಫಾದರ್."

"ಯಾಕೆ? ಹೇಳಿಕೆ ಸುಳ್ಳಾ?"

"ಸುಳ್ಳಾಗಿದ್ರೆ ಕೊಡ್ತಿದ್ದೆ," ಎಂದ ಸ್ಟೆನೋ.