ಹಾಲಸಿದ್ದಪ್ಪನ ತಂಪು ಪಾದ

ಹಾಲಸಿದ್ದಪ್ಪ ಎಷ್ಟು ತೆಳ್ಳಗಿದ್ದನೆಂದರೆ, ಬೆಸೆಂಟ್ ನಗರದ ಕಡಲ ದಂಡೆಯಲ್ಲಿ ಗಾಳಿ ಜೋರಾದರೆ ನಾನು ಅವನ ಅಂಗಿ ಹಿಡಿದುಕೊಳ್ಳುತ್ತಿದ್ದೆ. ಬಿಟ್ಟರೆ ಸಿಲೋನಿಗೆ ಹೋಗಿ ಇಳಿಯುತ್ತಿದ್ದ. ನಾನೋ, ಹೊಟ್ಟೆ ಮನೆಯೊಳಗೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ಬರುವವನು. ಇಬ್ಬರೂ ಧಾರವಾಡದ ಕಡೆಯವರು, ಚೆನ್ನೈಯಲ್ಲಿ ಸೀರೆ ವ್ಯಾಪಾರ, ಇಬ್ಬರಿಗೂ ಸಕ್ಕರೆ ಕಾಯಿಲೆ. ಸಕ್ಕರೆ ಕಾಡುವುದು ದಪ್ಪಗಿದ್ದವರನ್ನು ಮಾತ್ರ ಎಂದು ಅವನು ನಂಬಿದ್ದ. ನನಗೆ ಬುದ್ಧಿ ಹೇಳಿ ತಾನು ಮಾತ್ರೆ ಬಿಡುತ್ತಿದ್ದ.

ಅವನ ಇನ್ನೊಂದು ಹೆಮ್ಮೆ ಪಾದ. ಮಧ್ಯಾಹ್ನದ ಕಾದ ಮರಳಲ್ಲಿ ನಾಯಿಗಳೂ ಕುಣಿಯುವಾಗ ಅವನು ಬರಿಗಾಲಲ್ಲಿ ನಿಂತು ಬೇಯಿಸಿದ ಕಡಲೆಯ ಸುಂಡಲ್ ತಿನ್ನುತ್ತಿದ್ದ. ಊರಿನ ವೀರಭದ್ರನ ಗುಡಿಯಲ್ಲಿ ವರ್ಷವೂ ಕೆಂಡ ಹಾಯುತ್ತಿದ್ದನಲ್ಲ, ಅದಕ್ಕೆ ದೇವರೇ ಪಾದ ತಂಪಿಟ್ಟಿದ್ದಾನೆ ಎನ್ನುತ್ತಿದ್ದ. ಆ ವರ್ಷವೂ ಬರುವ ಸೋಮವಾರ ಹಾಯಬೇಕಿತ್ತು. ಹರಕೆಯೆಂದು ಚಪ್ಪಲಿಯನ್ನೇ ಬಿಟ್ಟಿದ್ದ. ಅವನ ಹೆಂಡತಿ ನೀಲಗಂಗಮ್ಮನವರಿಗೆ ಮಾತ್ರ ಸಮಾಧಾನವಿರಲಿಲ್ಲ. ಊರಿಗೆ ಹೊರಡುವ ಮೊದಲು ಡಾಕ್ಟರಿಗೆ ತೋರಿಸಲೇಬೇಕೆಂದು ಹಟ ಹಿಡಿದು, ನಮ್ಮಿಬ್ಬರನ್ನೂ ಕೀಲ್ಪಾಕಿನ ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದರು.

ಅಲ್ಲಿ ತೂಕದ ಯಂತ್ರದಂಥದ್ದೊಂದು. ಬರಿಗಾಲಲ್ಲಿ ಹತ್ತಿ ಹಿಡಿಕೆ ಹಿಡಿದರೆ ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಹೇಳುತ್ತದಂತೆ. ನಾನು ಹತ್ತಿದೆ, ಯಂತ್ರ ನರಳಿತು. ಕೊಬ್ಬು ಇಳಿಸಲೇಬೇಕೆಂದು ಡಾಕ್ಟರಮ್ಮ ಬೈದರು. ಕಾಲುಗಳು ಮಾತ್ರ ಗಟ್ಟಿ ಎಂದರು. ಹಾಲಸಿದ್ದಪ್ಪ ಹತ್ತಿದ. ಅವನ ಕೈಕಾಲಲ್ಲಿ ಮಾಂಸಖಂಡವೇ ಇಲ್ಲ, ಕೊಬ್ಬೆಲ್ಲ ಹೊಟ್ಟೆಯೊಳಗೆ ಲಿವರಿನ ಸುತ್ತ ಅಡಗಿ ಕೂತಿದೆ, ಅದೇ ಹೆಚ್ಚು ಕೆಟ್ಟದ್ದು ಎಂದರು. ಅವನು ತನ್ನ ಹೊಟ್ಟೆ ನೋಡಿಕೊಂಡ, ನನ್ನದು ನೋಡಿದ.

“ಕಾಂತಪ್ಪಾ, ನಿನ್ನ ಕೊಬ್ಬು ನನ್ನ ಹೊಟ್ಟ್ಯಾಗ ಯಾವಾಗ ಹೊಕ್ಕಿತಲೇ?”

ತೆಳ್ಳಗಿನವನಲ್ಲಿ ಕೊಬ್ಬು, ದಪ್ಪಗಿನವನಲ್ಲಿ ಗಟ್ಟಿ ಕಾಲು, ಲೋಕವೇ ತಲೆಕೆಳಗಾಗಿತ್ತು.

ಆಮೇಲೆ ಡಾಕ್ಟರಮ್ಮ ಅವನನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಪಾದ ಮುಟ್ಟಿದಾಗಲೆಲ್ಲ ಹೇಳಬೇಕು ಎಂದರು. ನೈಲಾನ್ ಎಳೆಯೊಂದರಿಂದ ಎರಡೂ ಅಂಗಾಲನ್ನು ಅಲ್ಲಲ್ಲಿ ಒತ್ತಿದರು. ಅವನು ಸುಮ್ಮನೆ ಮಲಗಿದ್ದ.

“ಶುರು ಮಾಡಂತ ಹೇಳಲೇ ಅಕಿಗೆ,” ಎಂದ ನನಗೆ, ಕಣ್ಣು ಮುಚ್ಚಿಕೊಂಡೇ.

“ಮುಗದೈತೋ,” ಎಂದೆ.

ಡಾಕ್ಟರಮ್ಮ ಹಿಮ್ಮಡಿಯಿಂದ ಉಗುರಿನಷ್ಟು ದೊಡ್ಡ ಕಡಲ ಚಿಪ್ಪಿನ ಚೂರು ತೆಗೆದರು. ಸುತ್ತ ಕೀವು. ಸಕ್ಕರೆ ಕಾಯಿಲೆ ಪಾದದ ನರ ಸಾಯಿಸಿದೆ. ಕೆಂಡ ಹಾಯ್ದರೆ ಸುಟ್ಟದ್ದೂ ಗೊತ್ತಾಗದು, ಕಾಲೇ ಹೋಗಬಹುದು ಎಂದರು.

ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದ ಮೇಲೆ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

“ಮೊದಲನೇ ವರ್ಷ ಕೆಂಡ ಹಾದಾಗ ನನಗ ಸುಟ್ಟಿತ್ತಲ್ಲೋ?”

ಹೌದೆಂದೆ. ಅವನು ಗುಡಿಯ ಸುತ್ತ ಕುಂಟಿದ್ದು, ಅವರವ್ವ ತುಪ್ಪ ಸವರಿದ್ದು ನನಗೆ ನೆನಪಿತ್ತು.

“ಹಂಗಾರ ದೇವರು ಇದ್ದದ್ದು ಅವಾಗೋ, ಈಗೋ?”

ನೀಲಗಂಗಮ್ಮನವರು ಗೇಟಿನ ಬಳಿಯ ತಳ್ಳುಗಾಡಿಯಲ್ಲಿ ಹವಾಯಿ ಚಪ್ಪಲಿ ಕೊಂಡು ತಂದು ಅವನ ಮುಂದಿಟ್ಟರು.

“ಬ್ಯಾನೀನ ಗೊತ್ತಾಗದ ಕಾಲಿಲೆ ಹಾದ್ರ, ದೇವರಿಗೆ ಏನ್ ಕೊಟ್ಟಂಗ ಆತ್ರಿ?”

ಅವನು ಚಪ್ಪಲಿ ಮೆಟ್ಟಿ ನಡೆದ. ನಾಲ್ಕು ಹೆಜ್ಜೆ ಹೋದ ಮೇಲೆ ತಿರುಗಿ ನೋಡಿದರೆ, ಪಟ್ಟಿಯಿಲ್ಲದ ಕಾಲಿನ ಚಪ್ಪಲಿ ಹಿಂದೆಯೇ ಬಿದ್ದಿತ್ತು. ವಾಪಸು ಬಂದ. ಈ ಸಲ ಬಗ್ಗಿ, ಕಣ್ಣಿಂದ ನೋಡಿಕೊಂಡು ಬೆರಳು ತೂರಿಸಿದ.

“ಈ ವರ್ಷ ನನ್ನ ಹರಕಿ ನೀ ಹಾಯೋ ಕಾಂತಪ್ಪ,” ಎಂದ. “ನಿನಗಾರ ಸುಡತೈತಿ.”